ಚಳಿಗೆ ಕೋಳಿಗೂಡು ಪೂರ್ತಿ ಮುಚ್ಚಬೇಕಾ? ಬೆಳಿಗ್ಗೆ ಬಾಗಿಲು ತೆಗೆದರೆ ಕೋಳಿಗಳು ಸೀನುತ್ತಿವೆ

ಮಳೆಕಾಡು (ಮೂಡಿಗೆರೆ)
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹಿತ್ತಲಲ್ಲಿ ಒಂದಷ್ಟು ನಾಟಿ ಕೋಳಿ, ಜೊತೆಗೆ ಗಿರಿರಾಜ ತಳಿಯವೂ ಇವೆ. ಒಂದು ಯಾಟೆ (ಹೆಣ್ಣು ಕೋಳಿ) ಈಗಷ್ಟೇ ಮರಿ ಎಬ್ಬಿಸಿದೆ. ಕಾಫಿ ಕೊಯ್ಲು ಶುರುವಾದಾಗಿನಿಂದ ಇಲ್ಲಿ ಒಂಬತ್ತು ಗಂಟೆಯಾದರೂ ಮಂಜು ಬಿಡುವುದಿಲ್ಲ. ಚಳಿ ತಡೆಯಲಿ ಅಂತ ಗೂಡಿನ ನಾಲ್ಕೂ ಕಡೆ ಟಾರ್ಪಾಲ್ ಕಟ್ಟಿದ್ದೇವೆ. ಗಾಳಿ ನುಸುಳುವುದಕ್ಕೂ ಜಾಗ ಇಲ್ಲ. ಆದರೂ ಬೆಳಿಗ್ಗೆ ಬಾಗಿಲು ತೆಗೆದರೆ ಮೂರ್ನಾಲ್ಕು ಕೋಳಿ ಸೀನುತ್ತಿರುತ್ತವೆ. ಒಂದಕ್ಕೆ ಮೂಗಲ್ಲಿ ನೀರು ಬರುತ್ತಿದೆ. ಮೊಟ್ಟೆ ಅರ್ಧಕ್ಕರ್ಧ ಇಳಿದಿದೆ.

ದೊಡ್ಡ ಕೋಳಿಗಳಿಗೂ ಬಲ್ಬ್ ಹಾಕಬೇಕಾ? ಹಾಕಿದರೆ ಎಷ್ಟು ವ್ಯಾಟ್? ತಾಯಿ ಜೊತೆ ಇರುವ ಮರಿಗಳಿಗೆ ಬೇರೆ ಏನಾದರೂ ಮಾಡಬೇಕಾ? ಪಕ್ಕದ ತೋಟದವರು ಅಗ್ಗಿಷ್ಟಿಕೆ ಇಡಿ ಅನ್ನುತ್ತಾರೆ. ಗೊತ್ತಿರುವವರು ಹೇಳಿ.

ಹಟ್ಟಿಯಂಗಳ (ಹಾಸನ)
ಮೊದಲು ಆ ಟಾರ್ಪಾಲನ್ನು ಮೇಲಿನಿಂದ ಒಂದಡಿ ಇಳಿಸಿ. ಇವತ್ತು ಸಂಜೆಯೇ ಇಳಿಸಿ. ಉಳಿದದ್ದು ಆಮೇಲೆ ಮಾತಾಡೋಣ.

ಕರಿಮೆಣಸು (ಸೋಮವಾರಪೇಟೆ)
ಅಗ್ಗಿಷ್ಟಿಕೆ ಮಾತ್ರ ಬೇಡವೇ ಬೇಡ. ನಮ್ಮೂರಲ್ಲಿ ಒಬ್ಬರು ಮರಿಗಳ ಕೋಣೆಯಲ್ಲಿ ಇದ್ದಿಲ ಕೆಂಡ ಇಟ್ಟು, ಸುತ್ತ ಪ್ಲಾಸ್ಟಿಕ್ ಮುಚ್ಚಿ ಮಲಗಿದರು. ಬೆಳಿಗ್ಗೆ ಅಷ್ಟೂ ಮರಿ ಸತ್ತಿದ್ದವು. ಹೊಗೆ ಕಾಣದಿದ್ದರೂ ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕೋಳಿಗೆ ಮಾತ್ರವಲ್ಲ, ಅದೇ ಕೋಣೆಯಲ್ಲಿ ಮಲಗುವ ಮನುಷ್ಯರಿಗೂ ಅಪಾಯ.

ಟೆರೇಸ್_ಕೋಳಿ (ಬೆಂಗಳೂರು)
ಟಾರ್ಪಾಲ್ ಇಳಿಸಿ ಅಂದರೆ ಚಳಿಗಾಳಿ ಒಳಗೆ ಬರಲ್ವಾ? ನಾನು ನಮ್ಮ ತಾರಸಿಯಲ್ಲಿ ಡಿಸೆಂಬರ್ ಬಂದ ಕೂಡಲೇ ಎಲ್ಲ ಕಡೆ ಮುಚ್ಚಿ ಬಲ್ಬ್ ಹಾಕುತ್ತೇನೆ. ಏನೂ ಆಗಿಲ್ಲ.

ಹಟ್ಟಿಯಂಗಳ (ಹಾಸನ)
ಟೆರೇಸ್ ಅವರೇ, ನಿಮ್ಮ ಹತ್ತಿರ ನಾಲ್ಕು ಕೋಳಿ ಇರಬಹುದು, ಜಾಗವೂ ಒಣಗಿರುತ್ತದೆ. ಇಲ್ಲಿ ಕೇಳಿರುವುದು ಮಲೆನಾಡಿನ ಮಂಜಿನ ಮಾತು.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೋಳಿಯ ಮೈ ಬಿಸಿ 41ರಿಂದ 42 ಡಿಗ್ರಿ. ನಮಗಿಂತ ಜಾಸ್ತಿ. ಅದರ ಪುಕ್ಕವೇ ಅದಕ್ಕೆ ಕಂಬಳಿ. ಚಳಿಯಾದರೆ ಪುಕ್ಕ ಉಬ್ಬಿಸಿಕೊಂಡು, ಒಂದಕ್ಕೊಂದು ಒತ್ತಿ ಕೂತು, ತಲೆಯನ್ನು ರೆಕ್ಕೆ ಸಂದಿಗೆ ಹಾಕಿ ರಾತ್ರಿ ಕಳೆಯುತ್ತವೆ. ಮೂಡಿಗೆರೆಯಲ್ಲಿ ಎಷ್ಟೇ ಚಳಿ ಅಂದರೂ ಬೆಳೆದ ಕೋಳಿ ಬರೀ ಚಳಿಗೆ ಸಾಯುವುದಿಲ್ಲ. ಸಾಯುವುದು ಒದ್ದೆಗೆ, ಗಬ್ಬು ಗಾಳಿಗೆ.

ರಾತ್ರಿಯೆಲ್ಲ ಕೋಳಿಗಳು ಉಸಿರು ಬಿಡುತ್ತವೆ, ಹಿಕ್ಕೆ ಹಾಕುತ್ತವೆ. ಎರಡರಲ್ಲೂ ನೀರಿನಂಶ ಇದೆ. ಪೂರ್ತಿ ಮುಚ್ಚಿದ ಗೂಡಲ್ಲಿ ಆ ತೇವ ಹೋಗುವುದು ಎಲ್ಲಿಗೆ? ಟಾರ್ಪಾಲಿನ ಒಳಮೈಗೆ ಹನಿಯಾಗಿ ಕೂತು ಕೆಳಗೆ ಉದುರುತ್ತದೆ. ಹಾಸು ಒದ್ದೆಯಾಗುತ್ತದೆ. ಒದ್ದೆ ಹಿಕ್ಕೆಯಿಂದ ಅಮೋನಿಯಾ ಏಳುತ್ತದೆ. ಅದು ಕಣ್ಣು, ಗಂಟಲು ಸುಡುತ್ತದೆ. ಉಸಿರಾಟದ ಕಾಯಿಲೆ ಸುಲಭವಾಗಿ ಒಳಗೆ ಬರುತ್ತದೆ.

ನಾಳೆ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಕುಕ್ಕರುಗಾಲಲ್ಲಿ ಕೂತು, ಕೋಳಿಯ ತಲೆಯ ಎತ್ತರಕ್ಕೆ ಮೂಗು ಇಟ್ಟು ನೋಡಿ. ನಿಂತರೆ ಗೊತ್ತಾಗುವುದಿಲ್ಲ. ಮೂಗು ಚುರುಚುರು ಅಂದರೆ ಕಾರಣ ಸಿಕ್ಕಿತು ಅಂತ ಲೆಕ್ಕ.

ಜವಾರಿ_ಹುಂಜ (ಬೀದರ್)
ಅಕ್ಕಾವ್ರು ಹೇಳಿದ್ದು ಖರೆ. ನಮ್ಮ ಕಡೆ ಥಂಡಿ ನಿಮ್ಮಕ್ಕಿಂತ ಜಾಸ್ತಿ. ರಾತ್ರಿ 10 ಡಿಗ್ರಿ ಕೆಳಗೆ ಇಳಿಯುವುದು ಹೊಸದಲ್ಲ. ಆದರೆ ನಮ್ಮದು ಒಣ ಥಂಡಿ. ಮೂಡಗಾಳಿ ಬೀಸುವ ದಿಕ್ಕಿಗೆ ಮಾತ್ರ ತಟ್ಟಿ ಕಟ್ಟುತ್ತೇವೆ, ಉಳಿದ ಕಡೆ ಜಾಳಿಗೆ ಹಾಗೇ ಇರುತ್ತದೆ. ಜವಾರಿ ಕೋಳಿಗಳು ಹುಣಸೆ ಮರದ ಮೇಲೆ ಕೂತು ರಾತ್ರಿ ಕಳೆದದ್ದನ್ನೂ ನೋಡಿದ್ದೇನೆ. ಅವಕ್ಕೆ ಏನೂ ಆಗಲಿಲ್ಲ.

ಟೆರೇಸ್_ಕೋಳಿ (ಬೆಂಗಳೂರು)
ಮರದ ಮೇಲೆ ಕೂತರೆ ಬೆಕ್ಕು ಹಿಡಿಯಲ್ವಾ?

ಜವಾರಿ_ಹುಂಜ (ಬೀದರ್)
ಹಿಡಿಯುತ್ತದೆ ರೀ. ಅದಕ್ಕೇ ಈಗ ಬಿಡುವುದಿಲ್ಲ. ನಾನು ಹೇಳಿದ್ದು ಥಂಡಿ ಬಗ್ಗೆ.

ಗೊರಸು_ಗರಿ (ಶಿವಮೊಗ್ಗ)
ನಾನು ಪಶುವೈದ್ಯ. ಗಾಳಿಯ ಬಗ್ಗೆ ಒಂದು ಸ್ಪಷ್ಟನೆ. "ಗಾಳಿ ಬಿಡಿ" ಅಂದರೆ ಕೋಳಿ ಕೂರುವ ಮಟ್ಟದಲ್ಲಿ ಬೀಸುವ ಗಾಳಿ ಬಿಡಿ ಅಂತಲ್ಲ. ಕೋಳಿಯ ಬೆನ್ನಿಗೆ ನೇರವಾಗಿ ಬಡಿಯುವ ಗಾಳಿ ತಡೆಯಲೇಬೇಕು, ಯಾಕೆಂದರೆ ಅದು ಪುಕ್ಕದೊಳಗಿನ ಬಿಸಿಗಾಳಿಯನ್ನು ಹಾರಿಸಿಬಿಡುತ್ತದೆ. ಕೆಳಗಿನಿಂದ ಎರಡೂವರೆ ಮೂರು ಅಡಿ ಮರೆ ಮಾಡಿ. ಮಾಡಿನ ಕೆಳಗೆ ಒಂದಡಿಯಷ್ಟು ಎರಡು ಎದುರು ಬದಿಗಳಲ್ಲಿ ತೆರೆದಿಡಿ. ತೇವದ ಬಿಸಿಗಾಳಿ ಮೇಲೇರಿ ಅಲ್ಲಿಂದ ಹೋಗುತ್ತದೆ. ಬಿಸಿಲು ಬಂದ ಕೂಡಲೇ ಪರದೆ ಪೂರ್ತಿ ಸುತ್ತಿ ಮೇಲೆ ಕಟ್ಟಿ.

ಟಾರ್ಪಾಲಿಗಿಂತ ಗೋಣಿ ತಾಟು ಒಳ್ಳೆಯದು. ಸ್ವಲ್ಪ ಉಸಿರಾಡುತ್ತದೆ. ಮಳೆ ಬಂದರೆ ಮಾತ್ರ ಅದು ಒದ್ದೆಯಾಗುತ್ತದೆ, ಆಗ ಬದಲಾಯಿಸಿ.

ಮೂಗಲ್ಲಿ ನೀರು ಬರುವ ಕೋಳಿಯನ್ನು ಇವತ್ತೇ ಬೇರೆ ಮಾಡಿ. ರಾತ್ರಿ ಅದರ ಹತ್ತಿರ ನಿಂತು ಕೇಳಿ. ಗೊರ ಗೊರ ಸದ್ದು ಇದ್ದರೆ, ಮುಖ ಊದಿದ್ದರೆ, ಹಸಿರು ಭೇದಿ ಇದ್ದರೆ ಅಥವಾ ಕುತ್ತಿಗೆ ತಿರುಚುತ್ತಿದ್ದರೆ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ. ಕೊನೆಯ ಎರಡು ಲಕ್ಷಣ ಕೊಕ್ಕರೆ ರೋಗದ್ದೂ (ರಾಣಿಖೇತ್ ಅನ್ನುವ ವೈರಸ್ ಕಾಯಿಲೆ) ಇರಬಹುದು. ಲಸಿಕೆ ಹಾಕಿಸಿದ್ದೀರಾ?

ಮಳೆಕಾಡು (ಮೂಡಿಗೆರೆ)
ಎಲ್ಲರಿಗೂ ಥ್ಯಾಂಕ್ಸ್. ಟಾರ್ಪಾಲ್ ಒಳಗೆ ಕೈ ಆಡಿಸಿದೆ, ನಿಜವಾಗಿಯೂ ನೀರು ಇಳಿಯುತ್ತಿದೆ. ಕೆಳಗೆ ಹಾಕಿರುವುದು ಕಾಫಿ ಹೊಟ್ಟು. ಅಲ್ಲಲ್ಲಿ ಬಿಳಿ ಬೂಷ್ಟು ಕಾಣಿಸುತ್ತಿದೆ. ಕುತ್ತಿಗೆ ತಿರುಚುವುದು, ಹಸಿರು ಭೇದಿ ಇಲ್ಲ ಡಾಕ್ಟ್ರೇ. ಲಸಿಕೆ ಗಿರಿರಾಜಕ್ಕೆ ಮಾರುವವರೇ ಹಾಕಿದ್ದರು. ನಾಟಿಗೆ ಹಾಕಿಸಿಲ್ಲ.

ಗೊರಸು_ಗರಿ (ಶಿವಮೊಗ್ಗ)
ಬೂಷ್ಟು ಹಿಡಿದ ಹಾಸನ್ನು ಪೂರ್ತಿ ತೆಗೆದು ಹೊರಗೆ ಹಾಕಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಾಡಿ. ಆ ಬೂಷ್ಟಿನ ಬೀಜಕಣ ಮರಿಗಳ ಶ್ವಾಸಕೋಶಕ್ಕೆ ಹೋಗಿ ಕೂತರೆ ಅದಕ್ಕೆ ಮದ್ದೇ ಇಲ್ಲ. ಗೂಡು ಒಣಗಿದ ಮೇಲೆ ಭತ್ತದ ಉಮಿ ಹಾಕಿ. ಬೇಸಿಗೆಯಲ್ಲಿ ಎರಡು ಮೂರು ಇಂಚು ಸಾಕು, ಚಳಿಗಾಲದಲ್ಲಿ ನಾಲ್ಕರಿಂದ ಆರು ಇಂಚು ಇರಲಿ. ಎರಡು ಮೂರು ದಿನಕ್ಕೊಮ್ಮೆ ಕೋಲಿನಿಂದ ಕೆದಕಿ ಮೇಲೆ ಕೆಳಗೆ ಮಾಡಿ. ಒದ್ದೆಯಾದ ಕಡೆ ಹೊರಗೆ ಹಾಕಿ, ಒಂದಿಷ್ಟು ಸುಣ್ಣದ ಪುಡಿ ಉದುರಿಸಿ ಹೊಸ ಉಮಿ ತುಂಬಿ. ನೀರಿನ ಪಾತ್ರೆಯ ಸುತ್ತ ಯಾವಾಗಲೂ ಒದ್ದೆ. ಅದನ್ನು ಇಟ್ಟಿಗೆ ಮೇಲೆ ಇಡಿ.

ಅಡಿಕೆ_ಸೋಗೆ (ಸಾಗರ)
ಉಮಿ ಸಿಗದಿದ್ದರೆ ಒಣ ದರಗು (ಉದುರಿದ ಎಲೆ) ಆಗುತ್ತದೆ. ನಾವು ಅದನ್ನೇ ಹಾಕುವುದು. ಬೇಗ ಒದ್ದೆಯಾಗುತ್ತದೆ, ಆದರೆ ದುಡ್ಡಿಲ್ಲ. ತೆಗೆದದ್ದು ನೇರ ಗೊಬ್ಬರದ ಗುಂಡಿಗೆ.

ಹೊಸಬ_ರೈತ (ತುಮಕೂರು)
ನನ್ನದೂ ಒಂದು ಪ್ರಶ್ನೆ. ಅಂಗಡಿಯಿಂದ ಒಂದು ದಿನದ ಮರಿ 50 ತಂದಿದ್ದೇನೆ, ಸ್ವರ್ಣಧಾರ ತಳಿ. ತಾಯಿ ಇಲ್ಲ. 9 ವ್ಯಾಟಿನ ಎರಡು ಬಲ್ಬ್ ಹಾಕಿದ್ದೇನೆ. ಆದರೂ ಎಲ್ಲ ಒಂದರ ಮೇಲೊಂದು ಬಿದ್ದು ಗುಂಪಾಗುತ್ತಿವೆ. ಇವತ್ತು ಬೆಳಿಗ್ಗೆ ಅಡಿಯಲ್ಲಿದ್ದವು ಸತ್ತಿವೆ. ಯಾರಾದರೂ ಬೇಗ ಹೇಳಿ.

ಕರಿಮೆಣಸು (ಸೋಮವಾರಪೇಟೆ)
9 ವ್ಯಾಟ್ ಅಂದರೆ ಎಲ್‌ಇಡಿ ಇರಬೇಕು. ಅದು ಬೆಳಕು ಕೊಡುತ್ತದೆ, ಬಿಸಿ ಕೊಡುವುದಿಲ್ಲ! ತಂತಿ ಉರಿಯುವ ಹಳೇ ಬಲ್ಬ್ ಬೇಕು. ಈಗಲೇ ಹೋಗಿ ತನ್ನಿ.

ಗೊರಸು_ಗರಿ (ಶಿವಮೊಗ್ಗ)
ಹೌದು, ತಕ್ಷಣ ಮಾಡಬೇಕಾದ್ದು ಅದೇ. ಚಳಿಗಾಲದಲ್ಲಿ ಮರಿಗೆ ಎರಡು ವ್ಯಾಟ್ ಲೆಕ್ಕ. 50 ಮರಿಗೆ 60 ವ್ಯಾಟಿನ ಎರಡು ಹಳೇ ಬಲ್ಬ್. ಒಂದೇ 100 ವ್ಯಾಟಿನದಕ್ಕಿಂತ ಎರಡು ಇದ್ದರೆ ಒಳ್ಳೆಯದು, ಒಂದು ಹೋದರೂ ಇನ್ನೊಂದು ಇರುತ್ತದೆ. ಹಳೇ ಬಲ್ಬ್ ಸಿಗದಿದ್ದರೆ ಕೋಳಿ ಆಹಾರದ ಅಂಗಡಿಯಲ್ಲಿ ಇನ್‌ಫ್ರಾರೆಡ್ ಬಲ್ಬ್ ಕೇಳಿ.

ಮೊದಲ ವಾರ ಮರಿಯ ಮಟ್ಟದಲ್ಲಿ 35 ಡಿಗ್ರಿ ಬೇಕು. ಆಮೇಲೆ ವಾರಕ್ಕೆ ಸುಮಾರು ಮೂರು ಡಿಗ್ರಿ ಇಳಿಸುತ್ತಾ ಬನ್ನಿ. ಬಲ್ಬನ್ನು ಮೇಲೆತ್ತಿದರೆ ಸಾಕು, ಬಿಸಿ ಇಳಿಯುತ್ತದೆ. ಬೇಸಿಗೆಯಲ್ಲಿ ಮೂರು ವಾರಕ್ಕೆ ಬಿಡಬಹುದು. ಈಗ ರಾತ್ರಿ ಹೊತ್ತು ನಾಲ್ಕೈದು ವಾರ ಬೇಕಾಗುತ್ತದೆ, ಪುಕ್ಕ ಪೂರ್ತಿ ಬರುವ ತನಕ.

ಥರ್ಮಾಮೀಟರ್ ಇಲ್ಲದಿದ್ದರೂ ಮರಿಗಳೇ ಹೇಳುತ್ತವೆ. ಬಲ್ಬಿನ ಅಡಿ ಗುಂಪು ಕಟ್ಟಿ ಚೀಂ ಚೀಂ ಅಂದರೆ ಚಳಿ. ಬಲ್ಬಿನಿಂದ ದೂರ ಓಡಿ ಬಾಯಿ ತೆರೆದು ತೇಕಿದರೆ ಸೆಕೆ. ಎಲ್ಲ ಒಂದೇ ಮೂಲೆಗೆ ಹೋದರೆ ಎದುರಿನಿಂದ ಗಾಳಿ ನುಗ್ಗುತ್ತಿದೆ ಅಂತ. ಎಲ್ಲ ಕಡೆ ಹರಡಿಕೊಂಡು ಮೇಯುತ್ತಿದ್ದರೆ ಸರಿ ಇದೆ.

ಸುತ್ತ ತಗಡು ಅಥವಾ ರಟ್ಟನ್ನು ದುಂಡಗೆ ನಿಲ್ಲಿಸಿ. ಮೂಲೆ ಇರಬಾರದು. ಮೂಲೆ ಇದ್ದರೆ ಅಲ್ಲೇ ಒತ್ತಿಕೊಂಡು ಸಾಯುತ್ತವೆ.

ಹೊಸಬ_ರೈತ (ತುಮಕೂರು)
ಎಲ್‌ಇಡಿಯೇ ಸರ್. ಈಗಲೇ ಹೊರಟೆ.

ಹಟ್ಟಿಯಂಗಳ (ಹಾಸನ)
ಹೋಗುವ ಮುಂಚೆ ಮರಿಗಳನ್ನು ರಟ್ಟಿನ ಪೆಟ್ಟಿಗೆಗೆ ಹಾಕಿ. ಬಾಟಲಿಯಲ್ಲಿ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ನಡುವೆ ಇಡಿ. ಪೆಟ್ಟಿಗೆಗೆ ತೂತು ಇರಲಿ. ಕುಡಿಯುವ ನೀರೂ ಉಗುರು ಬೆಚ್ಚಗಿರಲಿ, ಸ್ವಲ್ಪ ಬೆಲ್ಲ ಹಾಕಿ.

ಅಡಿಕೆ_ಸೋಗೆ (ಸಾಗರ)
ಮತ್ತೆ ಬಲ್ಬನ್ನು ವೈರಿಗೇ ನೇತು ಹಾಕಬೇಡಿ. ಕಬ್ಬಿಣದ ಸರಪಳಿಗೋ ತಂತಿಗೋ ಕಟ್ಟಿ, ಸುತ್ತ ಜಾಲರಿ ಇರಲಿ. ನಮ್ಮ ನೆಂಟರ ಮನೆಯಲ್ಲಿ ಹೋಲ್ಡರ್ ಸಡಿಲಾಗಿ ಬಲ್ಬ್ ಉಮಿ ಮೇಲೆ ಬಿತ್ತು. ಉಮಿ ಜ್ವಾಲೆ ಬರದೆ ಒಳಗೊಳಗೇ ಉರಿಯುತ್ತದೆ, ಗೊತ್ತಾಗುವುದು ತಡ. ಕೋಳಿಗೂಡಿನ ಜೊತೆ ಪಕ್ಕದ ಹುಲ್ಲು ಬಣವೆಯೂ ಹೋಯಿತು. ಕರೆಂಟು ಕೆಲಸ ಮಾತ್ರ ಅಗ್ಗದ್ದು ಮಾಡಬೇಡಿ.

ಕರಿಮೆಣಸು (ಸೋಮವಾರಪೇಟೆ)
ಕರೆಂಟೇ ಇಲ್ಲದಿದ್ದರೆ? ಮಲೆನಾಡಲ್ಲಿ ಒಂದು ಕೊಂಬೆ ಬಿದ್ದರೂ ರಾತ್ರಿಯೆಲ್ಲ ಕತ್ತಲೆ. ಅದಕ್ಕೇ ನಾನು ಅಂಗಡಿ ಮರಿ ತರುವುದನ್ನೇ ಚಳಿಗಾಲದಲ್ಲಿ ಬಿಟ್ಟಿದ್ದೇನೆ. ನಾಟಿ ಕೋಳಿಯನ್ನೇ ಕಾವು ಕೂರಿಸಿ. ತಾಯಿ ಇದ್ದರೆ ಬಲ್ಬೂ ಬೇಡ, ಥರ್ಮಾಮೀಟರೂ ಬೇಡ. ಗಿರಿರಾಜದ ಮೊಟ್ಟೆಯನ್ನೂ ನಾಟಿ ಅಡಿಯಲ್ಲೇ ಇಟ್ಟು ಮರಿ ಮಾಡಿಸಬಹುದು. ಗಿರಿರಾಜ ತಾನಾಗಿ ಕಾವು ಕೂರುವುದಿಲ್ಲ ಅನ್ನೋದು ಗೊತ್ತಲ್ವಾ.

ಮಳೆಕಾಡು (ಮೂಡಿಗೆರೆ)
ಹಾಗಾದರೆ ನಮ್ಮ ಯಾಟೆಯ ಮರಿಗಳಿಗೆ ಏನೂ ಮಾಡುವುದು ಬೇಡವಾ?

ಹಟ್ಟಿಯಂಗಳ (ಹಾಸನ)
ತಾಯಿ, ಮರಿ ಎರಡನ್ನೂ ಬೇರೆ ಕುಕ್ಕೆಯಲ್ಲಿ ಒಣ ಜಾಗದಲ್ಲಿ ಇಡಮ್ಮ. ರಾತ್ರಿ ಮೇಲೆ ಗೋಣಿ ಹಾಕು, ಒಂದು ಬದಿ ತೆರೆದಿರಲಿ. ಬೆಳಿಗ್ಗೆ ಇಬ್ಬನಿ ಆರುವ ತನಕ ಹೊರಗೆ ಬಿಡಬೇಡ. ಮರಿಯ ತುಪ್ಪಳ ಇಬ್ಬನಿಗೆ ನೆಂದರೆ ತಾಯಿ ಎಷ್ಟು ಕಾವು ಕೊಟ್ಟರೂ ಸಾಲುವುದಿಲ್ಲ. ನೆಂದ ಮರಿ ಸಿಕ್ಕಿದರೆ ಒಣಬಟ್ಟೆಯಲ್ಲಿ ಒರೆಸಿ, ಅಂಗೈಯಲ್ಲಿ ಬೆಚ್ಚಗೆ ಹಿಡಿದು, ಚುರುಕಾದ ಮೇಲೆ ತಾಯಿಯ ಹತ್ತಿರ ಬಿಡು.

ಈಗ ಕಾವು ಕೂರಿಸುವವರಿಗೂ ಒಂದು ಮಾತು. ಬೇಸಿಗೆಯಲ್ಲಿ ಹನ್ನೆರಡು ಮೊಟ್ಟೆ ಇಡುತ್ತಿದ್ದರೆ ಈಗ ಎಂಟೋ ಒಂಬತ್ತೋ ಸಾಕು. ಕೋಳಿಯ ಮೈ ಮುಚ್ಚದ ಮೊಟ್ಟೆ ತಣ್ಣಗಾಗುತ್ತದೆ. ಅದು ದಿನಾ ಮೊಟ್ಟೆ ಹೊರಳಿಸುವುದರಿಂದ ಇವತ್ತು ಅಂಚಿನಲ್ಲಿದ್ದದ್ದು ನಾಳೆ ನಡುವೆ, ನಾಳೆ ಇನ್ನೊಂದು ಅಂಚಿಗೆ. ಹೀಗೆ ಒಂದೊಂದಾಗಿ ಎಲ್ಲವೂ ಕೆಡುತ್ತವೆ.

ಹಿಮದೂರು (ಮಿನೆಸೋಟಾ, ಅಮೆರಿಕ)
ಮಂಡ್ಯದವಳು, ಈಗ ಇಲ್ಲಿದ್ದೇನೆ. ನಮ್ಮ ಮನೆ ಹಿಂದೆ ಆರು ಕೋಳಿ ಇವೆ. ಇಲ್ಲಿ ಜನವರಿಯಲ್ಲಿ ಸೊನ್ನೆಗಿಂತ 25 ಡಿಗ್ರಿ ಕೆಳಗೆ ಹೋಗುವ ರಾತ್ರಿಗಳಿವೆ. ಆದರೂ ಇಲ್ಲಿಯ ತುಂಬಾ ಜನ ಗೂಡಿಗೆ ಹೀಟರ್ ಹಾಕುವುದಿಲ್ಲ. ಹಾಸು ದಪ್ಪ, ಮೇಲ್ಗಡೆ ಗಾಳಿಗಂಡಿ, ಕೂರಲು ಅಗಲದ ಕೋಲು, ಅಷ್ಟೇ. ತೇವ ಜಾಸ್ತಿಯಾದ ಗೂಡಲ್ಲೇ ಜುಟ್ಟು ಹಿಮಕ್ಕೆ ಸುಟ್ಟು ಕಪ್ಪಾಗುವುದು ನೋಡಿದ್ದೇನೆ. ಮೇಲಿನ ಅಕ್ಕ ಹೇಳಿದ್ದು ಇಲ್ಲಿಗೂ ಅಷ್ಟೇ ನಿಜ.

ನಮ್ಮ ದೊಡ್ಡ ಕಷ್ಟ ನೀರು. ಬೆಳಗಾಗುವಷ್ಟರಲ್ಲಿ ಕಲ್ಲಾಗಿರುತ್ತದೆ. ಅದಕ್ಕೆ ಅಡಿಯಲ್ಲಿ ಬಿಸಿಯಾಗುವ ತಟ್ಟೆ ಇಡುತ್ತೇವೆ.

ಟೆರೇಸ್_ಕೋಳಿ (ಬೆಂಗಳೂರು)
ಅಲ್ಲಿಯ ತಳಿಗಳೇ ಬೇರೆ ಅಲ್ವಾ? ನಮ್ಮ ಕೋಳಿಗೆ ಹೋಲಿಸುವುದು ಸರಿಯಾ?

ಹಿಮದೂರು (ಮಿನೆಸೋಟಾ, ಅಮೆರಿಕ)
ಒಪ್ಪುತ್ತೇನೆ. ನಮ್ಮದು ವಯಾಂಡಾಟ್. ಮೈತುಂಬ ಪುಕ್ಕ, ಜುಟ್ಟು ಚಿಕ್ಕದು, ತಲೆಗೆ ಅಂಟಿಕೊಂಡಿರುತ್ತದೆ. ಉದ್ದ ಜುಟ್ಟಿನ ಲೆಗ್‌ಹಾರ್ನ್‌ಗೆ ಇಲ್ಲಿ ಕಷ್ಟ. ಆದರೆ ನಿಮ್ಮಲ್ಲಿ ಚಳಿ ಅಂದರೂ 8-10 ಡಿಗ್ರಿ. ಅದಕ್ಕೆ ಯಾವ ತಳಿಯಾದರೇನು?

ಜವಾರಿ_ಹುಂಜ (ಬೀದರ್)
ಬೋಳು ಕುತ್ತಿಗೆ ಕೋಳಿಗೆ ವ್ಯತ್ಯಾಸ ಆಗುತ್ತದೆ. ಅದಕ್ಕೆ ಮೈಮೇಲೂ ಪುಕ್ಕ ಕಡಿಮೆ. ಬಿಸಿಲಿಗೆ ಗಟ್ಟಿ, ಥಂಡಿಗೆ ಮುದುಡುತ್ತದೆ. ನಾನು ಅವನ್ನು ಗೂಡಿನ ನಡುವೆ ಕೂರುವ ಹಾಗೆ ನೋಡಿಕೊಳ್ಳುತ್ತೇನೆ.

ಟೆರೇಸ್_ಕೋಳಿ (ಬೆಂಗಳೂರು)
ಎಲ್ಲರೂ ಬೆಂಗಳೂರಿನ ಚಳಿ ಚಳಿಯೇ ಅಲ್ಲ ಅನ್ನುವ ಹಾಗಿದೆ. ಇಲ್ಲಿ 1884ರ ಜನವರಿ 13ರಂದು 7.8 ಡಿಗ್ರಿ ದಾಖಲಾಗಿದೆ!

ಕರಿಮೆಣಸು (ಸೋಮವಾರಪೇಟೆ)
ಅದು ನೂರ ನಲವತ್ತು ವರ್ಷದ ಹಿಂದಿನ ಮಾತು. ಈಗ ನಿಮ್ಮ ಕೋಳಿಗೆ ಬಲ್ಬ್ ಬೇಡ. ಕರೆಂಟು ಬಿಲ್ಲು ಉಳಿಸಿ, ಆ ದುಡ್ಡಿಗೆ ಮೆಕ್ಕೆಜೋಳ ತನ್ನಿ.

ಅಡಿಕೆ_ಸೋಗೆ (ಸಾಗರ)
ಕೂರುವ ಕೋಲಿನ ಮಾತು ಯಾರೂ ಬಿಡಿಸಿ ಹೇಳಲಿಲ್ಲ. ದುಂಡನೆಯ ಸಣ್ಣ ಬಿದಿರು ಹಾಕಿದರೆ ಬೆರಳು ಅಡಿಯಿಂದ ಹೊರಗೆ ಕಾಣುತ್ತದೆ. ಎರಡು ಇಂಚು ಅಗಲದ, ಅಂಚು ನಯ ಮಾಡಿದ ರೀಪು ಹಾಕಿ. ಕೋಳಿ ಕೂತಾಗ ಹೊಟ್ಟೆಯ ಪುಕ್ಕ ಬೆರಳನ್ನು ಪೂರ್ತಿ ಮುಚ್ಚುತ್ತದೆ. ನೆಲದಿಂದ ಎರಡಡಿ ಎತ್ತರ ಸಾಕು. ಗಿರಿರಾಜ ಭಾರದ ಕೋಳಿ, ತುಂಬಾ ಎತ್ತರದಿಂದ ಹಾರಿದರೆ ಕಾಲು ಊದುತ್ತದೆ. ಕಬ್ಬಿಣದ ಪೈಪ್ ಮಾತ್ರ ಬೇಡ, ರಾತ್ರಿ ತಣ್ಣಗೆ ಕೊರೆಯುತ್ತದೆ.

ಮಳೆಕಾಡು (ಮೂಡಿಗೆರೆ)
ಮೊಟ್ಟೆ ಯಾಕೆ ಇಳಿಯಿತು? ಅದೂ ಗಾಳಿಯಿಂದಲೇನಾ?

ಗೊರಸು_ಗರಿ (ಶಿವಮೊಗ್ಗ)
ಸ್ವಲ್ಪ ಅದರಿಂದ, ಸ್ವಲ್ಪ ಹಗಲು ಚಿಕ್ಕದಾಗಿರುವುದರಿಂದ. ಡಿಸೆಂಬರ್ ಕೊನೆಗೆ ನಮ್ಮಲ್ಲಿ ಹಗಲು ಹನ್ನೊಂದೂಕಾಲು ಗಂಟೆ ಚಿಲ್ಲರೆ. ಚೆನ್ನಾಗಿ ಮೊಟ್ಟೆ ಇಡಲು 14ರಿಂದ 16 ಗಂಟೆ ಬೆಳಕು ಬೇಕು. ಇದಕ್ಕೆ ಎಲ್‌ಇಡಿ ಆಗುತ್ತದೆ, ಬಿಸಿ ಬೇಕಿಲ್ಲ. ಬೆಳಗಿನ ಜಾವ ನಾಲ್ಕೂವರೆ ಐದಕ್ಕೆ ಹೊತ್ತುವ ಹಾಗೆ ಟೈಮರ್ ಇಡಿ. ಸಂಜೆ ಬೆಳಕು ಹಾಕಿ ದಿಢೀರ್ ಆರಿಸಿದರೆ ಕೋಳಿಗಳು ಕತ್ತಲಲ್ಲಿ ಕೋಲು ಹತ್ತಲಾರದೆ ನೆಲದಲ್ಲೇ ಉಳಿಯುತ್ತವೆ.

ಚಳಿಗೆ ಮೈ ಬೆಚ್ಚಗಿಡಲು ಜಾಸ್ತಿ ಮೇವು ಬೇಕು. ಸಂಜೆ ಗೂಡು ಸೇರುವ ಮುಂಚೆ ಕೋಳಿಗೊಂದು ಹಿಡಿ ನುಚ್ಚು ಮೆಕ್ಕೆಜೋಳ, ಜೋಳ ಅಥವಾ ರಾಗಿ ಹಾಕಿ. ಕಾಳು ರಾತ್ರಿ ನಿಧಾನವಾಗಿ ಅರಗುತ್ತಾ ಮೈಗೆ ಬಿಸಿ ಕೊಡುತ್ತದೆ.

ಹಟ್ಟಿಯಂಗಳ (ಹಾಸನ)
ಬೆಳಕಿನ ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ ಡಾಕ್ಟ್ರೇ. ಫಾರಂ ಕೋಳಿಗೆ ಸರಿ, ಸ್ವರ್ಣಧಾರಕ್ಕೂ ಸರಿ. ನಾಟಿ ಕೋಳಿ ವರ್ಷಕ್ಕೆ ಇಡುವುದೇ ಐವತ್ತು ಅರವತ್ತು ಮೊಟ್ಟೆ. ಒಂದು ಸರ್ತಿ ಇಟ್ಟು, ಕಾವು ಕೂತು, ಮರಿ ಮಾಡಿ, ಪುಕ್ಕ ಉದುರಿಸಿ ಮತ್ತೆ ಇಡುತ್ತದೆ. ಅದರ ಪಾಡಿಗೆ ಅದನ್ನು ಬಿಡಬೇಕು. ಪುಕ್ಕ ಉದುರಿಸುವ ಹೊತ್ತಿಗೆ ಬೆಳಕು ಹಾಕಿ ಎಬ್ಬಿಸಿದರೆ ಕೋಳಿ ಸೊರಗುತ್ತದೆ. ಆಗ ಅದಕ್ಕೆ ಬೇಕಾಗಿರುವುದು ಗೆದ್ದಲು, ಎರೆಹುಳ, ಒಣಮೀನಿನ ಪುಡಿ.

ಗೊರಸು_ಗರಿ (ಶಿವಮೊಗ್ಗ)
ನಾಟಿಯ ಬಗ್ಗೆ ನಿಮ್ಮ ಮಾತು ಒಪ್ಪಿದೆ ಅಕ್ಕ.

ಪ್ರೋಟೀನಿಗೆ ಕಡಲೆಕಾಯಿ ಹಿಂಡಿ ಹಾಕುವವರು ಈ ಹವೆಯಲ್ಲಿ ಎಚ್ಚರ. ಬೂಷ್ಟು ಹಿಡಿದ ಹಿಂಡಿ, ಬೂಷ್ಟಿನ ಮೆಕ್ಕೆಜೋಳ ಎರಡೂ ವಿಷ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಿದ್ದು ಕಡಲೆಕಾಯಿ ಹಿಂಡಿಯ ಬೂಷ್ಟಿನಿಂದಲೇ. ಅಫ್ಲಾಟಾಕ್ಸಿನ್ ಅನ್ನುವ ವಿಷ ಪತ್ತೆಯಾದದ್ದು ಆ ನಂತರ. ತೊಳೆದು ಒಣಗಿಸಿದರೆ ಅದು ಹೋಗುವುದಿಲ್ಲ. ಎಸೆಯಬೇಕು.

ಮೊಲದಮನೆ (ಕೋಲಾರ)
ಸೀನುವ ಕೋಳಿಗೆ ಮೆಡಿಕಲ್‌ನಲ್ಲಿ ಸಿಗುವ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಒಡೆದು ನೀರಿಗೆ ಹಾಕಿ. ನಮ್ಮಲ್ಲಿ ಎಲ್ಲರೂ ಹಾಗೇ ಮಾಡುವುದು.

ಗೊರಸು_ಗರಿ (ಶಿವಮೊಗ್ಗ)
ದಯವಿಟ್ಟು ಬೇಡ. ವೈರಸ್ಸಿನಿಂದ ಬಂದ ಕಾಯಿಲೆಗೆ ಅದು ಕೆಲಸ ಮಾಡುವುದಿಲ್ಲ. ಅಮೋನಿಯಾದಿಂದ ಬಂದ ಸೀನಿಗೂ ಮಾಡುವುದಿಲ್ಲ. ಅದೇ ಮೊಟ್ಟೆಯನ್ನು ಮನೆ ಮಕ್ಕಳಿಗೆ ಕೊಡುತ್ತೀರಿ, ಮದ್ದಿನ ಅಂಶ ಅದರಲ್ಲಿ ಇರುತ್ತದೆ. ಆಮೇಲೆ ಮನುಷ್ಯರಿಗೇ ಮದ್ದು ನಾಟದ ಹಾಗೆ ಆಗುತ್ತದೆ. ಇದೇ ಭಯಕ್ಕೆ ಕೊಲಿಸ್ಟಿನ್ ಅನ್ನುವ ಆಂಟಿಬಯೋಟಿಕ್ಕನ್ನು ಕೋಳಿ, ಜಾನುವಾರುಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು. ಹಳ್ಳಿಯಲ್ಲಿ ದೂರ ಅನ್ನುವವರು ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಕೇಳಬಹುದು.

ಕರಿಮೆಣಸು (ಸೋಮವಾರಪೇಟೆ)
ಅಜ್ಜಿ ಮದ್ದು ಆಗಬಹುದಾ? ಬೆಳ್ಳುಳ್ಳಿ, ಕಾಳುಮೆಣಸು, ಅರಿಶಿನ ಜಜ್ಜಿ ಅನ್ನದ ಉಂಡೆಯಲ್ಲಿ ಕೊಡುತ್ತೇವೆ. ನಮ್ಮ ಮನೆಯಲ್ಲಿ ತಲೆಮಾರಿನಿಂದ ನಡೆದು ಬಂದದ್ದು.

ಗೊರಸು_ಗರಿ (ಶಿವಮೊಗ್ಗ)
ಕೊಡಿ, ತೊಂದರೆ ಇಲ್ಲ. ಆದರೆ ಕೊಕ್ಕರೆ ರೋಗ ಬಂದರೆ ಅದು ತಡೆಯುವುದಿಲ್ಲ. ಅದಕ್ಕೆ ಲಸಿಕೆಯೇ ಬೇಕು. ಮರಿಗೆ ಐದರಿಂದ ಏಳನೇ ದಿನ ಲಸೋಟಾ (ಕೊಕ್ಕರೆ ರೋಗದ ಲಸಿಕೆ), ಕಣ್ಣಿಗೋ ಮೂಗಿಗೋ ಒಂದು ಹನಿ. 14ನೇ ದಿನ ಗುಂಬೊರೊ ಕಾಯಿಲೆಯ ಲಸಿಕೆ. 28ನೇ ದಿನದ ಹೊತ್ತಿಗೆ ಲಸೋಟಾ ಮತ್ತೊಮ್ಮೆ, ನೀರಿನಲ್ಲಿ. ಆರನೇ ವಾರದ ಹೊತ್ತಿಗೆ ಸಿಡುಬಿನದ್ದು. ಎಂಟನೇ ವಾರ ಆರ್-2ಬಿ ಚುಚ್ಚುಮದ್ದು, ಅದೂ ಕೊಕ್ಕರೆ ರೋಗಕ್ಕೇ. ಈಗ ಸೀನುತ್ತಿರುವ ಕೋಳಿಗೆ ಹಾಕಬೇಡಿ, ಹುಷಾರಾದ ಮೇಲೆ ಹಾಕಿಸಿ.

ಅಡಿಕೆ_ಸೋಗೆ (ಸಾಗರ)
ಲಸಿಕೆ ಬಾಟಲಿ 100 ಡೋಸಿನದ್ದು ಬರುತ್ತದೆ. ಎಂಟು ಕೋಳಿ ಇರುವವರು ತರುವುದು ಹೇಗೆ? ಎಷ್ಟೋ ಜನ ಇದಕ್ಕೇ ಹಾಕಿಸುವುದಿಲ್ಲ. ಇದು ದೊಡ್ಡ ಅನ್ಯಾಯ ಅಂತಲೇ ನನಗನ್ನಿಸುವುದು. ಹಿತ್ತಲ ಕೋಳಿ ಸಾಕುವವರು ಬಹುತೇಕ ಹೆಂಗಸರು. ಅವರ ಲೆಕ್ಕಕ್ಕೆ ತಕ್ಕ ಬಾಟಲಿ ಸುಲಭವಾಗಿ ಸಿಗಬೇಕು.

ಹಟ್ಟಿಯಂಗಳ (ಹಾಸನ)
ನಮ್ಮ ಕೇರಿಯಲ್ಲಿ ಹತ್ತು ಮನೆ ಸೇರಿ ತರುತ್ತೇವೆ. ಒಬ್ಬರು ಫ್ಲಾಸ್ಕಿನಲ್ಲಿ ಐಸ್ ಹಾಕಿ ತರುತ್ತಾರೆ. ಬೆಳಿಗ್ಗೆ ಕೋಳಿ ಗೂಡಿಂದ ಬಿಡುವ ಮುಂಚೆ ಮನೆ ಮನೆಗೆ ಹೋಗಿ ಹಾಕುತ್ತೇವೆ. ಬೆರೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಒಂದು ಮನೆಯ ಕೋಳಿಗೆ ಹಾಕದಿದ್ದರೂ ಕಾಯಿಲೆ ಕೇರಿಗೆಲ್ಲ ಬರುತ್ತದೆ, ಹಾಗಾಗಿ ಯಾರೂ ಬೇಡ ಅನ್ನುವುದಿಲ್ಲ.

ಜವಾರಿ_ಹುಂಜ (ಬೀದರ್)
ಹಕ್ಕಿಜ್ವರದ ಭಯವೂ ಇದೇ ಹೊತ್ತಿಗೆ. ವಲಸೆ ಹಕ್ಕಿ ಕೆರೆಗೆ ಬರುವ ಕಾಲ. ಕೆರೆ ದಂಡೆಗೆ ಕೋಳಿ, ಬಾತುಕೋಳಿ ಬಿಡುವವರು ಸ್ವಲ್ಪ ದಿನ ನಿಲ್ಲಿಸಿ.

ಗೊರಸು_ಗರಿ (ಶಿವಮೊಗ್ಗ)
ಒಳ್ಳೆಯ ಮಾತು. ನಮ್ಮ ರಾಜ್ಯದಲ್ಲಿ 2012ರಲ್ಲಿ ಹೆಸರಘಟ್ಟದಲ್ಲಿ, 2020ರಲ್ಲಿ ಮೈಸೂರಿನಲ್ಲಿ ಬಂದಿತ್ತು. ಒಂದೇ ಸಲಕ್ಕೆ ತುಂಬಾ ಕೋಳಿ ಸತ್ತರೆ ಕೊಯ್ಯಬೇಡಿ, ಮಾರಬೇಡಿ, ತಿಪ್ಪೆಗೆ ಎಸೆಯಬೇಡಿ. ಪಶು ಆಸ್ಪತ್ರೆಗೆ ತಿಳಿಸಿ.

ಮೊಲದಮನೆ (ಕೋಲಾರ)
ಚಳಿಗೆ ಇಲಿ ಕಾಟ ಜಾಸ್ತಿಯಾಗಿದೆ. ಬೆಚ್ಚಗಿನ ಹಾಸು ಹುಡುಕಿ ಗೂಡಿಗೇ ಬರುತ್ತವೆ. ಇಲಿ ಹಿಂದೆ ಕೇರೆ ಹಾವು. ಮೊನ್ನೆ ಮೊಲದ ಮರಿ ಎರಡು ಹೋದವು.

ಕರಿಮೆಣಸು (ಸೋಮವಾರಪೇಟೆ)
ಕೋಳಿ ಜಾಳಿಗೆ ಸಾಲದು. ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿ, ಕೆಳಗೆ ಒಂದಡಿ ಮಣ್ಣಲ್ಲಿ ಹೂಳಿ. ಮಿಕ್ಕಿದ ಮೇವು ರಾತ್ರಿ ಗೂಡಲ್ಲಿ ಬಿಡಬೇಡಿ. ಮತ್ತೆ ಕೇರೆ ಹಾವನ್ನು ಹೊಡೆಯಬೇಡಿ, ಇಲಿ ತಿನ್ನುವುದೇ ಅದು.

ಮೊಲದಮನೆ (ಕೋಲಾರ)
ಮೆಶ್ ಹಾಕಿಸುತ್ತೇನೆ. ಮೊಲ ಸಾಕುವವರಿಗೆ ಹೇಳಬೇಕಾದ್ದು: ದೊಡ್ಡ ಮೊಲಕ್ಕೆ ಚಳಿ ಹಿತ, ಸೆಕೆಯೇ ಕಷ್ಟ. ಮರಿಗಳು ಮಾತ್ರ ಬತ್ತಲೆ ಹುಟ್ಟುತ್ತವೆ. ಪೆಟ್ಟಿಗೆಯಲ್ಲಿ ಒಣಹುಲ್ಲು ತುಂಬಿ ಇಟ್ಟರೆ ತಾಯಿ ತನ್ನ ತುಪ್ಪಳ ಕಿತ್ತು ಮುಚ್ಚುತ್ತದೆ. ಪೆಟ್ಟಿಗೆಯಿಂದ ಹೊರಗೆ ಬಿದ್ದ ಮರಿಯನ್ನು ತಾಯಿ ಎತ್ತಿ ಒಳಗಿಡುವುದಿಲ್ಲ, ನಾವೇ ಇಡಬೇಕು.

ಕಂಬಳಿ_ಕುರಿ (ಚಳ್ಳಕೆರೆ)
ಕುರಿ, ಆಡಿನ ಬಗ್ಗೆಯೂ ನಾಲ್ಕು ಮಾತು. ದೊಡ್ಡ ಕುರಿಗೆ ಚಳಿ ಲೆಕ್ಕಕ್ಕೇ ಇಲ್ಲ, ಉಣ್ಣೆ ಇದೆ. ಅದಕ್ಕೇ ಚಳಿ ಏರುವ ಹೊತ್ತಿಗೆ ಉಣ್ಣೆ ಕತ್ತರಿಸಬಾರದು. ಇಬ್ಬನಿ ಆರುವ ತನಕ ಮಂದೆ ಬಿಡಬಾರದು. ಒದ್ದೆ ಹುಲ್ಲಿನ ತುದಿಗೆ ಹುಳುವಿನ ಮರಿ ಏರಿ ಕೂತಿರುತ್ತವೆ. ಎಳೆ ಹುಲ್ಲನ್ನು ಒದ್ದೆಯಲ್ಲೇ ಗಬಗಬ ಮೇಯ್ದರೆ ಹೊಟ್ಟೆ ಉಬ್ಬರವೂ ಬರುತ್ತದೆ. ನಮ್ಮ ಹಿರಿಯರು ಬಿಸಿಲು ಏರಿದ ಮೇಲೆಯೇ ದೊಡ್ಡಿ ಬಾಗಿಲು ತೆಗೆಯುತ್ತಿದ್ದರು.

ಸಾಯುವುದು ಮರಿ. ಹುಟ್ಟಿದ ಕೂಡಲೇ ಮೂಗು ಬಾಯಿ ಒರೆಸಿ, ಒಣಗೋಣಿಯಲ್ಲಿ ಮೈ ಉಜ್ಜಿ. ಗಂಟೆಯೊಳಗೆ ಗಿಣ್ಣದ ಹಾಲು ಕುಡಿಸಿ. ಅದು ಹೊಟ್ಟೆಗೆ ಬಿದ್ದರೆ ಚಳಿ ತಡೆಯುತ್ತದೆ, ರೋಗವನ್ನೂ ತಡೆಯುತ್ತದೆ. ಬಾಯೊಳಗೆ ಬೆರಳಿಟ್ಟು ನೋಡಿ. ತಣ್ಣಗಿದ್ದರೆ ಮೊದಲು ಮೈ ಬೆಚ್ಚಗೆ ಮಾಡಿ, ಆಮೇಲೆ ಹಾಲು. ತಣ್ಣಗಾದ ಮರಿಗೆ ಬಲವಂತವಾಗಿ ಹಾಲು ಹೊಯ್ದರೆ ಶ್ವಾಸಕೋಶಕ್ಕೆ ಇಳಿಯುತ್ತದೆ.

ಅಡಿಕೆ_ಸೋಗೆ (ಸಾಗರ)
ನಮ್ಮ ಕಡೆ ಆಡಿಗೆ ಅಟ್ಟಣಿಗೆ ಮಾಡುತ್ತೇವೆ. ನೆಲದಿಂದ ಮೂರು ನಾಲ್ಕು ಅಡಿ ಎತ್ತರ, ರೀಪಿನ ಸಂದಿಯಿಂದ ಹಿಕ್ಕೆ ಕೆಳಗೆ ಬೀಳುತ್ತದೆ. ಒಣಗಿರುತ್ತದೆ. ಆದರೆ ಚಳಿಗೆ ಕೆಳಗಿನಿಂದ ಗಾಳಿ ಹೊಡೆಯುತ್ತದೆ. ಮರಿ ಇರುವ ಮೂಲೆಗೆ ಹಲಗೆ ಹಾಕಿ ಮೇಲೆ ಒಣಹುಲ್ಲು ಹರಡಿದರೆ ಆಗುತ್ತದೆ.

ಹೊಸಬ_ರೈತ (ತುಮಕೂರು)
60 ವ್ಯಾಟಿನದು ಎರಡು ಹಾಕಿದೆ. ಮರಿಗಳು ಹರಡಿಕೊಂಡು ಮೇಯುತ್ತಿವೆ. ಬಲ್ಬ್ ಎಷ್ಟು ಎತ್ತರದಲ್ಲಿ ಇರಬೇಕು? ಈಗ ಒಂದೂವರೆ ಅಡಿ ಇದೆ. ಕೆಳಗೆ ಉಮಿ ಮೇಲೆ ಪೇಪರ್ ಹಾಸಿದ್ದೇನೆ.

ಕರಿಮೆಣಸು (ಸೋಮವಾರಪೇಟೆ)
ಹರಡಿಕೊಂಡಿದ್ದರೆ ಎತ್ತರ ಸರಿ ಇದೆ, ಮುಟ್ಟಬೇಡಿ. ನಡುರಾತ್ರಿ ಒಮ್ಮೆ ಎದ್ದು ನೋಡಿ, ಬೆಳಗಿನ ಜಾವ ಚಳಿ ಏರುತ್ತದೆ. ಪೇಪರ್ ಎರಡು ಮೂರು ದಿನ ಸಾಕು, ಉಮಿ ತಿನ್ನದಿರಲಿ ಅಂತ ಹಾಕುವುದು ಅಷ್ಟೇ. ದಿನಾ ಬದಲಾಯಿಸಿ. ನುಣುಪು ಪೇಪರ್ ಆದರೆ ಮರಿಯ ಕಾಲು ಜಾರಿ ಅಗಲವಾಗುತ್ತದೆ.

ಹೊಸಬ_ರೈತ (ತುಮಕೂರು)
ದಿನಪತ್ರಿಕೆ ಕಾಗದವೇ. ಮನೆಯಲ್ಲಿ ಆಡು ಕೂಡ ಮರಿ ಹಾಕುವ ಹಾಗಿದೆ. ಕಂಬಳಿ ಅವರೇ, ಹೊಕ್ಕಳಿಗೆ ಏನು ಹಚ್ಚಬೇಕು?

ಕಂಬಳಿ_ಕುರಿ (ಚಳ್ಳಕೆರೆ)
ಟಿಂಚರ್ ಅಯೋಡಿನ್. ಸಣ್ಣ ಲೋಟಕ್ಕೆ ಹಾಕಿ ಹೊಕ್ಕಳಬಳ್ಳಿಯನ್ನು ಅದರಲ್ಲಿ ಪೂರ್ತಿ ಅದ್ದಬೇಕು, ಬರೀ ಸವರಿದರೆ ಸಾಲದು. ಮಾರನೇ ದಿನ ಇನ್ನೊಮ್ಮೆ. ಯಾವ ಮೆಡಿಕಲ್‌ನಲ್ಲೂ ಸಿಗುತ್ತದೆ, ಇವತ್ತೇ ತಂದಿಡಿ. ಆಡು ರಾತ್ರಿ ಹೊತ್ತಿಗೆ ಮರಿ ಹಾಕಿದರೆ ಅಂಗಡಿ ತೆರೆದಿರುವುದಿಲ್ಲ.